ಡೆಲ್ಫಾ ದೊಡ್ಡಮ್ಮನ ಸಮಾಧಿ

ಎಲ್ಲ ಅವಾಂತರಕ್ಕೂ ಕಾರಣ ಒಂದು ಗೋರಿಕಲ್ಲಿನ ಮೇಲಿದ್ದ ನಾಲ್ಕು ಅಂಕಿ. ಕಲ್ಲು ಹಾಡುಗಾರ ಡಾಯ್ಲ್ ಲೆಡ್‌ಬೆಟರನ ಹೆಂಡತಿ ಓನೀಟಾಳದು. ಅಂಕಿ ೨೦೦೫. ಅವಳು ತೀರಿಕೊಂಡದ್ದು ಆ ವರ್ಷದ ಅಕ್ಟೋಬರಿನಲ್ಲೇ ಆದ್ದರಿಂದ ಕೆತ್ತಿದವನ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಹಾಡಿನಲ್ಲಿ. ‘ಸೀಡರ್ ಮರದ ಕೆಳಗೆ ಮಲಗಿದಳು ನನ್ನವಳು’ ಎಂದು ಡಾಯ್ಲ್ ಗಿಟಾರು ಹಿಡಿದು ಹಾಡಿ ಟೆನೆಸ್ಸಿ ರಾಜ್ಯವನ್ನೆಲ್ಲ ಅಳಿಸಿದ್ದು ೧೯೭೨ರಲ್ಲಿ.

ಆಗ ಓನೀಟಾಗೆ ಇಪ್ಪತ್ತೇಳು ವರ್ಷ. ಒಂದು ನೆಗಡಿಯೂ ಇರಲಿಲ್ಲ. ಆದರೆ ರೆಕಾರ್ಡು ಕಂಪನಿಯವರು, “ಹೆಂಡತಿ ಬದುಕಿದ್ದಾಳೆ ಅಂದ್ರೆ ಈ ಹಾಡಿಗೆ ಯಾರೂ ಅಳೋದಿಲ್ಲ” ಎಂದರು. ಡಾಯ್ಲ್ ತಲೆ ತಗ್ಗಿಸಿಕೊಂಡು ಮನೆಗೆ ಬಂದು ಹೇಳಿದ. ಓನೀಟಾ ಬೀನ್ಸ್ ಸುಲಿಯುತ್ತಿದ್ದವಳು ತಲೆಯೆತ್ತದೆ, “ಸತ್ತೋದ್ಲು ಅಂತ ಹೇಳ್ಕೋ. ಆದ್ರೆ ಅಂಗಿಗೆ ಇಸ್ತ್ರಿ ಹಾಕೋರು ಯಾರು ಅಂತ ಕೇಳಿದ್ರೆ ಉತ್ತರ ನೀನೇ ಹುಡುಕ್ಕೋ” ಎಂದಳು.

ಅಂದಿನಿಂದ ಮೂವತ್ತಮೂರು ವರ್ಷ ಅವಳು ಸಭಾಂಗಣಗಳ ಹಿಂಬದಿಯಲ್ಲಿ ಮೇಜು ಹಾಕಿಕೊಂಡು ಗಂಡನ ರೆಕಾರ್ಡು ಮಾರಿದಳು. ತನ್ನ ಸಾವಿಗೆ ಅತ್ತವರಿಗೆ ತಾನೇ ಕರವಸ್ತ್ರ ಕೊಟ್ಟಳು.

ದೇವರು ಡಾಯ್ಲ್‌ಗೆ ಕೊಟ್ಟದ್ದು ಅದೊಂದೇ ಹಾಡು. ಉಳಿದ ನಲವತ್ತನ್ನು ಅವನೇ ಮಾಡಿಕೊಂಡದ್ದು. ಅವನ್ನು ಯಾರೂ ಕೇಳಲಿಲ್ಲ. ಓನೀಟಾ ಹೋದ ಮೇಲೆ ಅವನು ಗಿಟಾರು ಮುಟ್ಟಿರಲಿಲ್ಲ. ಮನೆಯಲ್ಲಿ ಎರಡು ಕುರ್ಚಿಗಳಿದ್ದವು, ಎರಡರಲ್ಲೂ ಕೂರಲಾಗುತ್ತಿರಲಿಲ್ಲ. ಅವನಿಗೆ ಉಳಿದಿದ್ದ ಆಸೆ ಒಂದೇ. ಇಷ್ಟು ವರ್ಷ ಸುಳ್ಳಾಗಿ ಹಾಡಿದ್ದನ್ನು ದೊಡ್ಡ ವೇದಿಕೆಯ ಮೇಲೆ ಒಂದೇ ಒಂದು ಸಲ ನಿಜವಾಗಿ ಹಾಡಬೇಕು. ಆಮೇಲೆ ದೇವರು ಕರೆದರೆ ಹೋಗಬೇಕು.

ಅಷ್ಟರಲ್ಲಿ ಹಾಡುಗಾರರ ರಾಜಧಾನಿಯಾದ ನ್ಯಾಶ್‌ವಿಲ್‌ನಿಂದ ಥರ್ಮಂಡ್ ಎಂಬಾತನ ಫೋನು ಬಂತು. ಹಳೆಯ ಹಾಡುಗಾರರನ್ನು ಸೇರಿಸಿ ದೊಡ್ಡ ಕಾರ್ಯಕ್ರಮ ಮಾಡುವವನು. “ಒಂದು ಜಾಗ ಖಾಲಿ ಇದೆ. ಸಮಾಧಿ ಶೃಂಗಾರದ ಭಾನುವಾರ ನಿಮ್ಮೂರಿಗೆ ಬರ್ತೀನಿ. ನಿಮ್ಮ ಹೆಂಡತಿಯ ಸಮಾಧಿ ಮುಂದೆ ಆ ಹಾಡು ಹಾಡಿ. ಕೇಳಿ ತೀರ್ಮಾನ ಮಾಡ್ತೀನಿ.”

ಮೇ ತಿಂಗಳ ಆ ಭಾನುವಾರ ಬೆಟ್ಟದ ಮೇಲಿನ ಚರ್ಚಿನ ಹಿಂದೆ ಊರೆಲ್ಲ ಸೇರಿತ್ತು. ಮನೆಮನೆಯವರೂ ತಮ್ಮ ತಮ್ಮ ಸತ್ತವರ ಸುತ್ತ ಕಳೆ ಕಿತ್ತು ಹೂವಿಡುತ್ತಿದ್ದರು. ಓಕ್ ಮರದಡಿಯ ಉದ್ದ ಮೇಜುಗಳ ಮೇಲೆ ಕರಿದ ಕೋಳಿ, ಜೋಳದ ಬ್ರೆಡ್ಡು ಬಟ್ಟೆ ಹೊದ್ದು ಕಾಯುತ್ತಿದ್ದವು. ಡಾಯ್ಲ್ ಹೆಂಡತಿಯ ಕಲ್ಲು ಒರೆಸುತ್ತಿದ್ದಾಗ ವೆಸ್ಟಾ ಕ್ರ್ಯಾಬ್‌ಟ್ರೀ ಬಂದಳು. ಶೃಂಗಾರ ಸಮಿತಿಯ ಮುಖ್ಯಸ್ಥೆ. ಊರಿನ ಸತ್ತವರ ಮೇಲೂ ಬದುಕಿದ್ದವರ ಮೇಲೂ ಸಮನಾದ ಅಧಿಕಾರ ಉಳ್ಳವಳು.

“ಬ್ರದರ್ ಡಾಯ್ಲ್, ಆ ನ್ಯಾಶ್‌ವಿಲ್‌ನೋನಿಗೆ ಓದೋಕೆ ಬರುತ್ತಾ?”

“ಬರುತ್ತೆ ಅನ್ಸುತ್ತೆ, ಸಿಸ್ಟರ್.”

“ಹಾಗಾದ್ರೆ ಕೆಟ್ಟೆ. ಎಪ್ಪತ್ತೆರಡರಲ್ಲೇ ಸತ್ತೋಳು ಎರಡು ಸಾವಿರದ ಐದರಲ್ಲಿ ಇನ್ನೊಂದ್ಸಲ ಹೇಗೆ ಸತ್ಲು ಅಂತ ಕೇಳ್ತಾನೆ.”

“ನಿಜ ಹೇಳ್ಬಿಡ್ತೀನಿ.”

“ನಿಜಾನಾ!” ವೆಸ್ಟಾ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಊರ ಬಾಗಿಲಲ್ಲಿ ನಿನ್ನ ಹಾಡಿನ ಬೋರ್ಡು ಹಾಕಿದ್ದೀವಿ. ನಿನಗೋಸ್ಕರ ಊರೆಲ್ಲ ಮೂವತ್ತಮೂರು ವರ್ಷ ಬಾಯಿ ಮುಚ್ಕೊಂಡಿದೆ. ಅದ್ರಲ್ಲೂ ನಾನು! ಅದೇನು ಸುಮ್ನೆ ಆಗೋ ಕೆಲ್ಸಾನಾ?”

ಆ ಕಲ್ಲು ಕೆತ್ತಿದ ಹೋಬರ್ಟನನ್ನು ಕೂಗಿದರು. ಅವನು ಚರ್ಚಿನ ಹಿರಿಯನೂ ಹೌದು. ವ್ಯಾನಿನಿಂದ ಬಿರುಕು ಮುಚ್ಚುವ ಪುಟ್ಟಿ ತಂದು ಅಂಕಿಗಳಿಗೆ ತುಂಬಿದ. ಬೂದು ಕಲ್ಲಿನ ಮೇಲೆ ಬಿಳಿಯ ಪುಟ್ಟಿ; ಕಲ್ಲು ಹಲ್ಲುಜ್ಜುತ್ತಿದ್ದವಳು ಬಾಯಿ ತೊಳೆಯದೆ ಎದ್ದು ಬಂದ ಹಾಗೆ ಕಂಡಿತು. ಡಾಯ್ಲ್ ತನ್ನ ತೋಳಿನಿಂದಲೇ ಅದನ್ನು ಉಜ್ಜಿದ. “ಅವಳ ಮುಖಕ್ಕೆ ಮೆತ್ತಬೇಡ ಕಣೋ” ಎಂದ.

ಆಗ ವೆಸ್ಟಾಳ ಕಣ್ಣು ಮೂವತ್ತು ಹೆಜ್ಜೆ ಕೆಳಗಿದ್ದ ಒಂದು ಹಾವಸೆ ಹಿಡಿದ ಕಲ್ಲಿನ ಮೇಲೆ ಬಿತ್ತು.

“ನೋಡಲ್ಲಿ! ಲೆಡ್‌ಬೆಟರ್ ಅಂತಿದೆ, ಎಪ್ಪತ್ತೊಂದರಲ್ಲಿ ಸತ್ತಿದ್ದಾಳೆ, ಪಕ್ಕದಲ್ಲೇ ಸೀಡರ್ ಮರ. ಇನ್ನೇನು ಬೇಕು?”

“ಅದು ಡೆಲ್ಫಾ ದೊಡ್ಡಮ್ಮ! ನನ್ನ ಮೊದಲ್ನೇ ಗಿಟಾರನ್ನ ಒಲೆಗೆ ಹಾಕಿದೋಳು! ಹುಟ್ಟಿದ್ದು ಹದಿನೆಂಟು ನೂರ ತೊಂಬತ್ತೊಂಬತ್ತರಲ್ಲಿ!”

“ಹುಟ್ಟಿದ್ದರ ಮೇಲೆ ಹೂವಿಡೋಣ. ಸತ್ತದ್ದು ಕಂಡ್ರೆ ಸಾಕು.”

ಡಾಯ್ಲ್ ಹೋಬರ್ಟನ ಕಡೆ ನೋಡಿದ. “ಚರ್ಚಿನ ಹಿತ್ತಲಲ್ಲಿ ಇದು ಸುಳ್ಳಲ್ವೇನಯ್ಯಾ?”

“ನಾವೇನೂ ಹೇಳೋಲ್ಲಪ್ಪ,” ಎಂದ ಹೋಬರ್ಟ್ ಗಂಭೀರವಾಗಿ. “ಹೂವಿಡ್ತೀವಿ ಅಷ್ಟೆ. ಹೂವಿಡೋದು ಪಾಪ ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ.”

ಡಾಯ್ಲ್ ಗಿಟಾರು ಎತ್ತಿಕೊಂಡು ಕೆಳಗಿಳಿದ. ಅವನ ಮನೆಯಲ್ಲಿ ಊರಿನವರ ಜೊತೆ ವಾದ ಮಾಡುತ್ತಿದ್ದದ್ದು ಓನೀಟಾ.

ಹನ್ನೊಂದಕ್ಕೆ ಥರ್ಮಂಡ್ ಬಂದ. ಸಣಕಲು ಮನುಷ್ಯ, ಕರವಸ್ತ್ರವನ್ನು ಮೊದಲೇ ಕೈಯಲ್ಲಿ ಹಿಡಿದಿದ್ದ. ಡಾಯ್ಲ್‌ನನ್ನು ದೊಡ್ಡಮ್ಮನ ಮುಂದೆ ನಿಲ್ಲಿಸಿದರು. ಏಳು ತಿಂಗಳ ಮೇಲೆ ಮೊದಲ ಸಲ ಅವನು ಗಿಟಾರು ಮೀಟಿದ. ಕಣ್ಣೆತ್ತಿದರೆ ಮೇಲೆ ಓನೀಟಾಳ ಹೊಸ ಕಲ್ಲು ಕಾಣುತ್ತಿತ್ತು. ಆದ್ದರಿಂದ ದೊಡ್ಡಮ್ಮನ ಹಾವಸೆಯನ್ನೇ ದಿಟ್ಟಿಸಿದ. ಕಣ್ಣ ಮುಂದೆ ಬೆಂಕಿಕೋಲು ಹಿಡಿದು ನಿಂತ ಡೆಲ್ಫಾ! ‘ಮಲಗಿದಳು ನನ್ನವಳು’ ಎಂಬುದನ್ನು ಮೇಷ್ಟರು ಹಾಜರಿ ಕೂಗಿದಂತೆ ಹಾಡಿ ಮುಗಿಸಿದ. ಸಹಾಯವಾಗಲೆಂದು ವೆಸ್ಟಾ ಕಾಲು ತುಳಿಸಿಕೊಂಡ ಮೇಕೆಯಂತೆ ಬಿಕ್ಕಿದಳು.

ಅದೇ ಹೊತ್ತಿಗೆ ಬೆಟ್ಟದ ಗಾಳಿ ಬೀಸಿತು. ಹುಟ್ಟಿದ ವರ್ಷ ಮುಚ್ಚಿದ್ದ ಹೂವಿನ ಕುಂಡ ಉರುಳಿತು. ಥರ್ಮಂಡ್ ಅದನ್ನು ನೆಟ್ಟಗೆ ಮಾಡಲು ಬಗ್ಗಿದವನು, ಬಗ್ಗಿದಲ್ಲೇ ಓದಿದ.

“ಮಿಸ್ಟರ್ ಲೆಡ್‌ಬೆಟರ್, ನಿಮ್ಮ ಹೆಂಡತಿಗೆ ಎಪ್ಪತ್ತೆರಡು ವರ್ಷ ಆಗಿತ್ತಾ? ನಿಮಗಿನ್ನೂ ಮೂವತ್ತೂ ತುಂಬಿರಲಿಲ್ಲ!”

“ಅವನಿಗೆ ಮೊದ್ಲಿಂದ್ಲೂ ದೊಡ್ಡೋರು ಅಂದ್ರೆ ಬಹಳ ಗೌರವ,” ಎಂದಳು ವೆಸ್ಟಾ.

ಥರ್ಮಂಡ್ ನಕ್ಕ. ಅಳಲು ತಂದ ಕರವಸ್ತ್ರದಲ್ಲಿ ನಗೆಯ ನೀರು ಒರೆಸಿಕೊಂಡ.

“ನನಗೆ ಅನುಮಾನ ಇತ್ತು. ಅದಕ್ಕೇ ಸಮಾಧಿ ಮುಂದೆ ಹಾಡಿ ಅಂದದ್ದು. ಎಂಬತ್ತಮೂರರಲ್ಲಿ ನಾಕ್ಸ್‌ವಿಲ್‌ನಲ್ಲಿ ನಿಮ್ಮ ಹಾಡು ಕೇಳಿ, ಹಿಂದೆ ಹೋಗಿ ಅಳ್ತಾ ನಿಂತಿದ್ದೆ. ರೆಕಾರ್ಡು ಮಾರ್ತಿದ್ದ ಹೆಂಗಸು ಕರವಸ್ತ್ರ ಕೊಟ್ಟು, ‘ಅಷ್ಟೊಂದು ಅಳಬೇಡಪ್ಪ, ಅವಳು ಸುಖವಾಗೇ ಇದ್ದಾಳೆ’ ಅಂದ್ರು. ಆಮೇಲೆ ನೀವು ಬಂದ್ರಿ. ನಿಮ್ಮ ಕಾಲರಿಗೆ ಅಂಟಿದ್ದ ಬ್ರೆಡ್ಡಿನ ಚೂರನ್ನ ಅವರು ತೆಗೆದ್ರು. ಹೆಂಡತಿ ಅಲ್ಲದೋರು ಹಾಗೆ ತೆಗೆಯೋಲ್ಲ, ಸಾರ್.”

ಡಾಯ್ಲ್‌ನ ಕೈ ತನ್ನ ಕಾಲರಿನತ್ತ ಹೋಯಿತು.

“ಈಗ ಹಾಡಿದ್ದು ಕೇಳಿದ ಮೇಲೆ ಇದ್ದ ಅನುಮಾನಾನೂ ಹೋಯ್ತು. ಆಗ ನಟನೆಯಾದ್ರೂ ಚೆನ್ನಾಗಿತ್ತು. ಹೆಂಡತೀನ ಕಳಕೊಂಡೋನು ಹೀಗೆ ಹಾಡೋಲ್ಲ. ನಾನು ಕಳಕೊಂಡಿದ್ದೀನಿ, ನನಗೆ ಗೊತ್ತು.”

“ಅವಳು ಹೋದ ಅಕ್ಟೋಬರಿನಲ್ಲಿ...” ಎಂದ ಡಾಯ್ಲ್.

“ಸಾಕು ಬಿಡಿ,” ಎಂದ ಥರ್ಮಂಡ್, ಸಿಟ್ಟಿಲ್ಲದೆ. “ಎಷ್ಟು ಸಲ ಅಂತ ಸಾಯಿಸ್ತೀರಿ ಅವರನ್ನ?”

ಹೋಬರ್ಟ್ ಡಾಯ್ಲ್‌ನ ತೋಳು ಹಿಡಿದೆಳೆದು, “ಮೇಲಕ್ಕೆ ಕರಕೊಂಡು ಹೋಗಿ ತೋರ್ಸೋ ಮಾರಾಯ! ನಾನೇ ಕೆತ್ತಿದ್ದು!” ಎಂದು ಪಿಸುಗುಟ್ಟಿದ. ಡಾಯ್ಲ್ ಕದಲಲಿಲ್ಲ. ಮೂವತ್ತಮೂರು ವರ್ಷ ಅವಳ ಸಾವನ್ನು ತೋರಿಸಿಯೇ ಹೊಟ್ಟೆ ಹೊರೆದಿದ್ದ. ಈಗ ನಿಜವಾದದ್ದನ್ನೂ ತೋರಿಸಲು ಅವನಿಗೆ ಕಾಲು ಬರಲಿಲ್ಲ.

ಥರ್ಮಂಡ್ ಕಾರಿನ ಬಾಗಿಲು ತೆರೆದು ಹೇಳಿದ: “ಮನೇಲಿ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅವತ್ತು ಕರವಸ್ತ್ರಕ್ಕೆ ಥ್ಯಾಂಕ್ಸ್ ಹೇಳೋಕೆ ಆಗಿರ್ಲಿಲ್ಲ.”

“ಹೇಳ್ತೀನಿ,” ಎಂದ ಡಾಯ್ಲ್.

ಕಾರು ಇಳಿಜಾರಿನಲ್ಲಿ ಮರೆಯಾಯಿತು. ಹಿರಿಯರು ಪ್ರಾರ್ಥನೆ ಹೇಳಿದರು, ಊರು ಊಟಕ್ಕೆ ಕೂತಿತು. ಡಾಯ್ಲ್ ಗಿಟಾರು ಹೊತ್ತುಕೊಂಡು ಮೂವತ್ತು ಹೆಜ್ಜೆ ಮೇಲಕ್ಕೆ ಹತ್ತಿದ. ಕಲ್ಲಿನ ಪಕ್ಕದಲ್ಲಿ ಕೂತು, ಸೊನ್ನೆಯೊಳಗೆ ಉಳಿದಿದ್ದ ಪುಟ್ಟಿಯನ್ನು ಉಗುರಿನಿಂದ ಕೆರೆದು ತೆಗೆದ.

“ನ್ಯಾಶ್‌ವಿಲ್‌ನಿಂದ ಒಬ್ರು ಬಂದಿದ್ರು. ನಿನಗೆ ನಮಸ್ಕಾರ ಹೇಳಿದ್ದಾರೆ,” ಎಂದ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, “ನೀನು ಮನೇಲಿದ್ದೀಯಂತೆ” ಎಂದ.

ಆಗ ಹಾಡು ತಾನಾಗಿ ಬಂತು. ಎರಡನೆಯ ಸಾಲಿಗೆ ಸ್ವರ ಒಡೆಯಿತು, ಮೂರನೆಯದರಲ್ಲಿ ಮಾತೇ ಉಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವನು ಹಾಗೆ ಹಾಡಿರಲಿಲ್ಲ.

ಕೆಳಗಿನಿಂದ ವೆಸ್ಟಾ ಕೋಳಿಯ ಕಾಲನ್ನು ಎತ್ತಿ ಹಿಡಿದು ಕೂಗಿದಳು:

“ಸಾಕು ಬಾ ಮಾರಾಯ, ಇನ್ನು ಯಾರಿಗೆ ತೋರ್ಸೋಕೆ ಅಳ್ತೀಯ? ಆ ನ್ಯಾಶ್‌ವಿಲ್‌ನೋನು ಆಗ್ಲೇ ಹೋದ!”