ಇಂಟು ಮಾರ್ಕಿನ ಬೀದಿ

ಲಸಿಕೆ ಡಬ್ಬ ಹೆಗಲಿಗೆ ಹಾಕಿಕೊಂಡು ಬೀದಿ ಸುತ್ತುವ ನರ್ಸುಗಳು ನಗೋದಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಬಾಗಿಲು ತಟ್ಟಿದರೆ ಸಾಕು, ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನನ್ನನ್ನು ಕಂಡರೆ ಮಕ್ಕಳು ಮಂಚದಡಿ ಸೇರುತ್ತವೆ. ಕೆಲವು ಮನೆಗಳಲ್ಲಿ ಗಂಡಸರೂ ಸೇರುತ್ತಾರೆ. ಹೊಸಕೋಟೆ ಸುತ್ತಮುತ್ತ ಈ ಕೆಲಸ ಮಾಡುತ್ತಾ ಮಾಡುತ್ತಾ ನನ್ನ ಹೆಸರು ಜನಕ್ಕೆ ಮರೆತೇ ಹೋಗಿದೆ, ‘ಸೂಜಿ ನರ್ಸಮ್ಮ’ ಅಂದರೆ ಮಾತ್ರ ಗೊತ್ತು. “ತಿಂತೀಯೋ, ಸೂಜಿ ನರ್ಸಮ್ಮನ್ನ ಕರೀಲೋ?” ಅಂತ ಹೆದರಿಸಿ ತಾಯಂದಿರು ತುತ್ತು ತಿನ್ನಿಸುತ್ತಾರೆ. ಈ ಕಡೆಯ ಅರ್ಧ ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಿರುವುದು ನನ್ನ ಪುಣ್ಯದಿಂದ.

ಇಲ್ಲಿ ಬರೆಯುವುದೆಲ್ಲ ಒಂದೇ ಬೀದಿಯಲ್ಲಿ ನಡೆದದ್ದು. ಪಿಲ್ಲಗುಂಪೆ ಫ್ಯಾಕ್ಟರಿಗಳ ಹಿಂದೆ ಶೀಟಿನ ಮನೆಗಳ ಒಂದು ಸಾಲು. ಪಂಚಾಯ್ತಿಯವರನ್ನು ಕೇಳಿದರೆ ‘ಅದು ನಮಗೆ ಸೇರಲ್ಲ’, ಟೌನಿನವರನ್ನು ಕೇಳಿದರೆ ‘ನಮಗೂ ಸೇರಲ್ಲ’. ಹೀಗಾಗಿ ಅಲ್ಲಿಗೆ ಅಂಗನವಾಡಿ ಇಲ್ಲ, ಡೋರ್ ನಂಬರ್ ಇಲ್ಲ. ಅಲ್ಲಿ ನಾನು ನಕ್ಕಷ್ಟು ಎಲ್ಲೂ ನಕ್ಕಿಲ್ಲ, ಅತ್ತಷ್ಟೂ ಎಲ್ಲೂ ಅತ್ತಿಲ್ಲ. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಗೋಡೆ ಮೇಲೆ ಮಳೆ

ದಡಾರದ ಲಸಿಕೆ ಹಾಕುವ ಮೊದಲು ನಮ್ಮದೊಂದು ಪದ್ಧತಿ. ಮನೆ ಮನೆಗೂ ಹೋಗಿ ಎಷ್ಟು ಜನ, ಚಿಕ್ಕ ಮಕ್ಕಳಿದ್ದಾರಾ ಅಂತ ವಿಚಾರಿಸುತ್ತೇವೆ. ಬಾಕಿ ಏನೂ ಇಲ್ಲದಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ‘ಪಿ’. ಲಸಿಕೆ ಆಗಬೇಕಾದ ಮಗು ಇದ್ದರೆ ಇಂಟು ಮಾರ್ಕು. ಇಂಟು ಅಂದರೆ ಈ ಮನೆಗೆ ಮತ್ತೆ ಬರಬೇಕು ಅಂತ. ನಂಬರಿಲ್ಲದ ಬೀದಿಯಲ್ಲಿ ಯಾವ ಮಗು ಯಾವ ಮನೆಯದು ಅಂತ ತಿಳಿಯೋದಕ್ಕೆ ನಮಗೆ ಅದೊಂದೇ ದಾರಿ.

ಹಾಗೆ ಗುರುತು ಹಾಕಿ ಬಂದೆವು. ಲಸಿಕೆ ದಿನ ಹೋದರೆ ಇಡೀ ಬೀದಿಯ ಗೋಡೆಗಳು ಹಬ್ಬಕ್ಕೆ ತೊಳೆದ ಹಾಗಿವೆ. ಒಂದು ಗೀಟೂ ಉಳಿದಿಲ್ಲ. ಕೊನೆ ಮನೆಯ ಅಜ್ಜಿ ಒದ್ದೆ ಬಟ್ಟೆ ಹಿಂಡುತ್ತಾ ಜಗುಲಿ ಮೇಲೆ ಕೂತಿದ್ದಳು.

“ಅಜ್ಜಿ, ಗೋಡೆ ಮೇಲಿದ್ದ ಗುರುತು ಏನಾಯ್ತು?” ಅಂದೆ.

“ಮಳೆ ಬಂತಲ್ಲ ನರ್ಸಮ್ಮ, ತೊಳ್ಕೊಂಡ್ ಹೋಯ್ತು.”

ಸುಡು ಬೇಸಿಗೆ. ನನ್ನ ಜೊತೆಗಿದ್ದ ಆಶಾ ಕಾರ್ಯಕರ್ತೆ ಮೇಲೆ ನೋಡಿದಳು, ಕೆಳಗೆ ನೋಡಿದಳು. “ನೆಲ ಒಣಗೇ ಇದೆಯಲ್ಲ ಅಜ್ಜಿ, ಮಳೆ ಬರೀ ಗೋಡೆಗೆ ಬಂತಾ?”

ಅಜ್ಜಿ ತಲೆ ಎತ್ತದೆ ಹೇಳಿದಳು: “ನಮ್ ಬೀದಿಗೆ ಎಲ್ಲಾ ಅಷ್ಟೇ ಕಣವ್ವ. ಪೂರ್ತಿ ಯಾವ್ದೂ ಬರಲ್ಲ.”

ಆಮೇಲೆ ಗೊತ್ತಾಯಿತು. ಈ ಜನ ಮೊದಲು ಬೇರೆ ಕಡೆ ರಸ್ತೆ ಪಕ್ಕದಲ್ಲಿದ್ದವರು. ಅಲ್ಲಿ ರಸ್ತೆ ಅಗಲ ಮಾಡುವವರು ಬಂದು, ಮನೇಲಿ ಎಷ್ಟು ಜನ ಅಂತ ಕೇಳಿ, ಗೋಡೆಗೆ ಇಂಟು ಮಾರ್ಕು ಹಾಕಿ ಹೋಗಿದ್ದರಂತೆ. ಅವರ ಹಿಂದೆಯೇ ಜೆಸಿಬಿ ಬಂದಿತ್ತಂತೆ. ನಾವೂ ಅದನ್ನೇ ಕೇಳಿದೆವು, ಅದನ್ನೇ ಹಾಕಿದೆವು. ಬೆಳಗ್ಗೆ ಅಂಗಳ ತೊಳೆಯುವ ಹೊತ್ತಿಗೆ ಅಜ್ಜಿ ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿ, ಮೊದಲು ತನ್ನ ಗೋಡೆ ಒರೆಸಿ, ಆಮೇಲೆ ಎಲ್ಲರ ಗೋಡೆಯನ್ನೂ ಒರೆಸಿಸಿದ್ದಳು. ಜೆಸಿಬಿಯನ್ನು ಒದ್ದೆ ಬಟ್ಟೆಯಲ್ಲಿ ತಡೆದವಳು ಈ ತಾಲ್ಲೂಕಿನಲ್ಲಿ ಅವಳೊಬ್ಬಳೇ.

ಕನ್ನಡ ಮಾತಾಡುವ ಬೆಕ್ಕು

ಸರಿ, ಮತ್ತೆ ಮೊದಲಿಂದ ಬಾಗಿಲು ತಟ್ಟುತ್ತಾ ಹೊರಟೆವು. ಯಾವ ಮನೆಯವರೂ ಮಗುವನ್ನು ಹೊರಗೆ ಕಳಿಸಲಿಲ್ಲ. ಕೊನೆಗೆ ಅಜ್ಜಿಯ ಮನೆ. ಮಗ, ಸೊಸೆ ಇಬ್ಬರೂ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುವವರು. ವರ್ಷ ತುಂಬಿದ ಮೊಮ್ಮಗಳನ್ನು ಹಗಲೆಲ್ಲ ನೋಡಿಕೊಳ್ಳುವವಳು ಅಜ್ಜಿ. ಗುರುತು ಹಾಕಿದ ದಿನ ಆ ಮಗುವನ್ನು ನಾವು ಕಣ್ಣಾರೆ ಕಂಡಿದ್ದೆವು.

“ಮೊಮ್ಮಗಳನ್ನ ಕರ್ಕೊಂಡ್ ಬಾ ಅಜ್ಜಿ, ಒಂದೇ ಒಂದು ಸೂಜಿ.”

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ನಮ್ಮನೇಲಿ ಮಗು ಇಲ್ಲ ಕಣಮ್ಮ.”

ಒಳಗಿಂದ ಅಳು ಕೇಳಿಸಿತು.

“ಅದೇನಜ್ಜಿ ಹಾಗಾದ್ರೆ?”

“ಬೆಕ್ಕು.”

ಅಷ್ಟರಲ್ಲಿ ಬೆಕ್ಕು “ಅಜ್ಜೀ” ಅಂತ ಕೂಗಿತು. ಆಶಾ ಕಾರ್ಯಕರ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಬೆಕ್ಕು ಕನ್ನಡ ಮಾತಾಡುತ್ತಲ್ಲಜ್ಜಿ?”

“ಹುಟ್ಟಿದ್ದು ಇಲ್ಲೇ ಅಲ್ವಾ? ಇನ್ನೇನ್ ಮಾತಾಡುತ್ತೆ?” ಅಂದು ಅಜ್ಜಿ ಬಾಗಿಲು ಹಾಕಿಕೊಂಡಳು.

ನಾನು ಕಿಟಕಿಯ ಹತ್ತಿರ ನಿಂತು ಬೇಡಿಕೊಂಡೆ, ರೇಗಿದೆ, ಮನೆ ಒಡೆಯೋರು ನಾವಲ್ಲ ಅಂತ ಆಣೆ ಮಾಡಿದೆ. ಆಶಾ ಕಾರ್ಯಕರ್ತೆ ಸಂಜೆ ಹೋಗಿ ಮಗನನ್ನು ಹಿಡಿದು ಕೇಳಿದಳು. “ಅವ್ವ ಒಪ್ಪಿದ್ರೆ ಹಾಕಿಸ್ತೀವಿ ಮೇಡಂ” ಅಂದ ಅವನು. ಅವ್ವ ಒಪ್ಪಲಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತೇವೆ ಅಂತ ಹೇಳಿ ಬಂದೆವು. ಆಸ್ಪತ್ರೆಯಲ್ಲಿ ಈ ಬೆಕ್ಕಿನ ಕಥೆ ಹೇಳಿದಾಗ ಡಾಕ್ಟರು ಕುಡಿಯುತ್ತಿದ್ದ ಟೀ ಮೂಗಿಗೆ ಹತ್ತಿಸಿಕೊಂಡರು.

ನಡುವೆ ಒಂದು ದಿನ ಆ ದಾರಿಯಲ್ಲಿ ಬರುವಾಗ ಮಗು ಬಾಗಿಲ ಸಂದಿಯಿಂದ ಇಣುಕಿತು. ಕೆನ್ನೆ ಮೇಲೆ ದೊಡ್ಡ ಕಾಡಿಗೆ ಬೊಟ್ಟು. “ಏನ್ ಬೆಕ್ಕಮ್ಮ, ಊಟ ಆಯ್ತಾ?” ಅಂದೆ. ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಕ್ಕಿತು. ಹಿಂದಿನಿಂದ ಅಜ್ಜಿಯ ಕೈ ಬಂದು ಬೆಕ್ಕನ್ನು ಒಳಗೆಳೆದುಕೊಂಡಿತು.

ಬೇವಿನ ಸೊಪ್ಪು

ಮುಂದಿನ ತಿಂಗಳು ಹೋದಾಗ ಬೀದಿಯ ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು. ನಮ್ಮ ಕಡೆ ಮಗುವಿಗೆ ದಡಾರವೋ ಸೀತಾಳೆ ಸಿಡುಬೋ ಎದ್ದರೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಹೊರಗಿನವರು ಹೊಸಿಲು ದಾಟುವ ಹಾಗಿಲ್ಲ, ಅಮ್ಮ ಇಳಿಯುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ನಮ್ಮನ್ನು ಹೊರಗಿಡೋದಕ್ಕೆ ಬೀದಿಯವರು ಇದನ್ನು ಹುಡುಕಿದ್ದರು. ಬೀದಿ ಕೊನೆಯ ಬೇವಿನ ಮರ ಪಾಪ, ಬರೀ ಕೊಂಬೆಯಾಗಿ ನಿಂತಿತ್ತು.

ಮೊದಲನೇ ಮನೆಯಿಂದ ಘಮ್ ಅಂತ ವಾಸನೆ. “ಅಮ್ಮ ಇರೋ ಮನೇಲಿ ಮಟನ್ ಸಾರು ಕುದೀತಿದೆಯಲ್ಲಪ್ಪಾ?” ಅಂದೆ.

ಯಜಮಾನ ಕೈ ಒರೆಸಿಕೊಳ್ಳುತ್ತಾ ಬಂದ. “ಅಮ್ಮ ಬೆಳಗ್ಗೇನೇ ಹೊರಟ್ಬಿಟ್ರು ಮೇಡಂ. ಊಟ ಮಾಡ್ಕೊಂಡ್ ಹೋಗಿ ಅಂದ್ರೂ ನಿಲ್ಲಿಲ್ಲ.”

ಪಕ್ಕದಲ್ಲಿ ಮುಸ್ಲಿಮರ ಮನೆ. ಅಲ್ಲೂ ಬೇವು. “ಆಪಾ, ನಿಮ್ಮನೆಗೂ ಅಮ್ಮ ಬಂದ್ರಾ?” ಅಂತ ಕೇಳಿದರೆ ಆಕೆ, “ಪಕ್ಕದ್ ಮನೆತನಕ ಬಂದೋರು ನಮ್ಮನೆಗೆ ಬರ್ದೇ ಹಂಗೇ ಹೋಗ್ತಾರಾ?” ಅಂದರು.

ನಗುತ್ತಾ ಒಂದೊಂದೇ ಬಾಗಿಲು ದಾಟಿದೆವು. ಒಂದು ಕಡೆ ಈರುಳ್ಳಿ, ಒಂದು ಕಡೆ ಸಾಸಿವೆ ಚಟಪಟ. ವಾಸನೆ ಹಿಡಿದು ಸುಳ್ಳು ಪತ್ತೆ ಮಾಡುವುದೇ ಆಟವಾಯಿತು. ಕೊನೆ ಬಾಗಿಲಿಗೆ ಬಂದೆವು. ಅಲ್ಲಿ ಯಾವ ವಾಸನೆಯೂ ಇರಲಿಲ್ಲ.

ಹೊಸಿಲ ಶಾಸ್ತ್ರ ನೋಡದೆ ಒಳಗೆ ನುಗ್ಗಿದೆ. ಒಲೆ ಆರಿತ್ತು. ಅಜ್ಜಿ ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದಳು. ಮಗುವಿನ ಮೈ ಕೆಂಡದಂತಿತ್ತು, ಮೈತುಂಬ ಗುಳ್ಳೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ. ದಡಾರ ಶ್ವಾಸಕೋಶಕ್ಕೆ ಇಳಿದುಬಿಟ್ಟಿತ್ತು. ಮಗು ವಾಪಸು ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ನಾನೊಬ್ಬಳೇ ಆ ಮನೆಗೆ ಹೋದೆ. ಅಜ್ಜಿ ಅದೇ ಜಗುಲಿ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ತಾನೇ ಹೇಳಿದಳು:

“ನಮ್ಮನೇಲಿ ಮಗು ಇಲ್ಲ ಕಣಮ್ಮ.”

ಜಗುಲಿ ಮೇಲೆ ನನಗೆ ಜಾಗ ಬಿಟ್ಟು, “ಬೆಕ್ಕೂ ಇಲ್ಲ” ಅಂದಳು.

ನರ್ಸಾದವಳು ಮನೆಯವರ ಎದುರು ಅಳಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಆವತ್ತು ನಾನು ಅವಳ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮದುವೆ ಕುರ್ಚಿ

ಆ ಸಾವಾದ ಮೇಲೆ ಸುತ್ತಮುತ್ತಲಿನವರು ಒಂದು ಕಡೆ ಕೂತರು. ಮಸೀದಿ ಕಮಿಟಿಯವರು ಬಂದರು, ಹಾಲಿನ ಡೈರಿಯವರು ಬಂದರು, ಮಹಿಳಾ ಸಂಘದವರು ಬಂದರು. ಬೀದಿಗೆ ಲಸಿಕೆ ತರುವುದು ಬರೀ ನರ್ಸಮ್ಮನ ಕೆಲಸ ಅಲ್ಲ ಅಂತ ಮಾತಾಯಿತು. ಮೈಕು ಮಸೀದಿಯದು, ನೀರು ನೆರಳು ಡೈರಿಯದು, ಮನೆ ಮನೆಗೆ ಹೇಳುವುದು ಸಂಘದ್ದು. ಒಂದು ಫ್ಯಾಕ್ಟರಿಯವರು ತಂದೆತಾಯಂದಿರಿಗೆ ಅರ್ಧ ದಿನ ರಜೆಯನ್ನೂ ಕೊಟ್ಟರು. ಈ ಬುದ್ಧಿ ಎರಡು ತಿಂಗಳು ಮೊದಲೇ ಬಂದಿದ್ದರೆ ಅಂತ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ನುಂಗಿಕೊಂಡೆ.

ಕುರ್ಚಿ ತರುವ ಕೆಲಸ ಶಾಮಿಯಾನ ಅಂಗಡಿ ಸಾಹೇಬರದು. ಮದುವೆ ಸೀಸನ್, ಅವರ ಕುರ್ಚಿಗಳೆಲ್ಲ ಛತ್ರಗಳಿಗೆ ಹೋಗಿದ್ದವು. ಉಳಿದದ್ದು ಒಂದೇ, ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ. ಅದನ್ನೇ ಬೀದಿ ಮಧ್ಯೆ ಇಳಿಸಿದರು. ಬರೀ ಕುರ್ಚಿ ಚೆಂದ ಕಾಣಲ್ಲ ಅಂತ ಪ್ಲಾಸ್ಟಿಕ್ ಹೂವಿನ ಹಾರವನ್ನೂ ಕಟ್ಟಿದರು. ಮಸೀದಿ ಮೈಕಿನಲ್ಲಿ “ಬಚ್ಚ್ಯಾಂಕು ಲೇಕೋ ಆವೋ, ಮಕ್ಕಳನ್ನ ಕರ್ಕೊಂಡ್ ಬನ್ನಿ” ಅಂತ ಎರಡೂ ಭಾಷೆಯಲ್ಲಿ ಕೂಗಾಯಿತು.

ಯಾರೂ ಹೊರಗೆ ಬರಲಿಲ್ಲ. ಆಗ ಅಜ್ಜಿ ಎದ್ದಳು. ಮೊದಲ ಮನೆಗೆ ಹೋದವಳು ಮಾತಿಲ್ಲ ಕಥೆಯಿಲ್ಲ, ಬಾಗಿಲಲ್ಲಿ ಒಣಗಿದ್ದ ಬೇವು ಕಿತ್ತೆಸೆದು, ಒಳಗಿದ್ದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಡೆದೇಬಿಟ್ಟಳು. ತಾಯಿ ಹಿಂದೆ ಓಡಿ ಬಂದಳು. ಒಬ್ಬರೂ ಅವಳಿಗೆ ಎದುರಾಡಲಿಲ್ಲ, ಅವಳ ಸೊಂಟ ಯಾಕೆ ಖಾಲಿ ಅಂತ ಎಲ್ಲರಿಗೂ ಗೊತ್ತಿತ್ತು.

ಸಿಂಹಾಸನದ ಮೇಲೆ ಕೂರಿಸಿ ಕೂರಿಸಿ ಸೂಜಿ ಹಾಕಿದೆ. ಪ್ರತಿ ಮನೆಯವರಿಗೂ ಫೋಟೋ ಬೇಕು. ಒಬ್ಬ ತಂದೆ ಮಾತ್ರ, “ಅಳ್ತಾ ಇರೋದ್ನ ತೆಗೀಬೇಡ್ರಪ್ಪ, ಚೆನ್ನಾಗಿರಲ್ಲ” ಅಂದ.

ಸಾಹೇಬರು ಗಡ್ಡ ನೀವಿಕೊಂಡರು. “ತೆಗೀಲಿ ಬಿಡಿ ಗುರು. ಈ ಕುರ್ಚಿ ಮೇಲೆ ಕೂತೋರು ಆವತ್ತು ನಗ್ತಾರೆ, ಆಮೇಲೆ ಅಳ್ತಾರೆ. ಇವನು ಈಗ್ಲೇ ಮುಗಿಸ್ಕೊಂಡ.”

ಮತ್ತೆ ಬರಬೇಕಲ್ಲ

ಕೆಲವು ತಿಂಗಳ ಮೇಲೆ ಎರಡನೇ ಸುತ್ತಿಗೆ ಗುರುತು ಹಾಕಲು ಸೀಮೆಸುಣ್ಣ ಹಿಡಿದು ಹೋದರೆ ನಮಗೆ ಕೆಲಸವೇ ಇಲ್ಲ. ಹೊಸಿಲಿಗೆ ಬಳಿಯುವ ಕೆಮ್ಮಣ್ಣಿನಲ್ಲಿ ಎಲ್ಲ ಗೋಡೆಗೂ ದೊಡ್ಡ ದೊಡ್ಡ ಇಂಟು ಮಾರ್ಕು. ಮಕ್ಕಳಿರುವ ಮನೆ, ಇಲ್ಲದ ಮನೆ, ದಿನಸಿ ಅಂಗಡಿ, ಕೊನೆಗೆ ಕೋಳಿ ಗೂಡಿನ ಮೇಲೂ. ಅಜ್ಜಿಯ ಕೈ ಮೊಣಕೈವರೆಗೆ ಕೆಂಪಾಗಿತ್ತು.

ಬೀದಿಯಲ್ಲಿ ಒಬ್ಬ ಬ್ರಹ್ಮಚಾರಿ ವಾಚ್‌ಮ್ಯಾನ್, ತಲೆ ಪೂರ್ತಿ ನರೆತವನು. ನನ್ನ ಹತ್ತಿರ ದೂರು ತಂದ. “ಮೇಡಂ, ನಂಗೆ ಮದ್ವೇನೇ ಆಗಿಲ್ಲ. ನನ್ ಬಾಗಿಲಿಗೆ ಮಗು ಐತೆ ಅಂತ ಇಂಟು ಹಾಕವ್ಳೆ. ಜನ ಏನಂದ್ಕೋಬೇಕು?”

ಅಜ್ಜಿ ಅಲ್ಲಿಂದಲೇ ಹೇಳಿದಳು: “ಇಲ್ಲ ಅಂತ ನಾನೂ ಹೇಳಿದ್ದೆ ಕಣಪ್ಪಾ. ಅವ್ರು ಒಳಗೋಗಿ ನೋಡ್ಲಿ ಇರು.”

ವಾಚ್‌ಮ್ಯಾನ್ ತೆಪ್ಪಗೆ ಬಾಗಿಲು ತೆಗೆದು ನಿಂತ. ನಾವು ಒಳಗೆ ಹೋಗಿ ಅವನ ಮಂಚದಡಿಯೂ ನೋಡಿ ಬಂದೆವು.

ಆವತ್ತು ಕೆಲಸ ಮುಗಿಸಿ ಸ್ಕೂಟರಿನಲ್ಲಿ ಹೊಸಕೋಟೆ ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ ಆಟೋದವನೊಬ್ಬ ಕೇಳಿದ: “ಸಿಸ್ಟರ್, ನಿಮ್ ಗಾಡೀನೂ ರೋಡ್ ಅಗಲಕ್ಕೆ ಹೋಗುತ್ತಾ?” ಇಳಿದು ನೋಡಿದರೆ ಸ್ಕೂಟರಿನ ಎರಡೂ ಪಕ್ಕಕ್ಕೆ ಕೆಂಪು ಇಂಟು. ಮನೆಯಲ್ಲಿ ನಮ್ಮ ಯಜಮಾನರು ಒರೆಸೋಣ ಅಂತ ಒದ್ದೆ ಬಟ್ಟೆ ತಂದರು. ಆ ಒದ್ದೆ ಬಟ್ಟೆ ನೋಡಿದ್ದೇ ನಾನು “ಮುಟ್ಟಬೇಡಿ” ಅಂತ ಕಿರುಚಿಬಿಟ್ಟೆ. ಅವರು ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು.

ಲಸಿಕೆ ದಿನ ಅಜ್ಜಿಯನ್ನು ಹಿಡಿದುಕೊಂಡೆ. “ನನ್ನ ಗಾಡಿಗೆ ಯಾಕೆ ಹಾಕ್ದೆ ಅಜ್ಜಿ?”

“ಮತ್ತೆ ಬರ್ಬೇಕಲ್ಲ ನೀನು.”

ಅಷ್ಟರಲ್ಲಿ ಅವಳ ಮನೆಯ ಒಳಗಿಂದ ಸಣ್ಣದೊಂದು ಕೂಗು ಕೇಳಿಸಿತು. ನಾನು, ಆಶಾ ಕಾರ್ಯಕರ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಬೆಕ್ಕು ಕಣಮ್ಮ” ಅಂದಳು ಅಜ್ಜಿ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಅಳುವೋ ನಗುವೋ ತಿಳಿಯಲಿಲ್ಲ.

ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು. “ಈ ಸಲ ದೇವ್ರಾಣೆ ಬೆಕ್ಕೇ. ಆದ್ರೂ ನನ್ ಮಾತು ನಂಬ್ಬೇಡ ನರ್ಸಮ್ಮ, ಒಳಗೆ ಬಂದು ನೋಡು.”

ಇಬ್ಬರೂ ಒಳಗೆ ಹೋಗಿ ನೋಡಿದೆವು. ಮಗುವಿನ ಕೌದಿ ಮೇಲೆ ಮಲಗಿತ್ತು, ಬೆಕ್ಕೇ.