ಒಂದೂವರೆ ಇಂಚಿನ ಸಾಮ್ರಾಜ್ಯ

ಹಳೆಯ ಗದ್ಯಗ್ರಂಥಗಳ ವನವರ್ಣನೆಗಳಿಗೆ ಇಪ್ಪತ್ತೆರಡು ವರ್ಷ ಟಿಪ್ಪಣಿ ಬರೆದವನು ನಾನು. ಆನೆಯ ನಡೆಗೆ ಹದಿನಾಲ್ಕು ವಿಶೇಷಣಗಳು, ಜಿಂಕೆಯ ಕಣ್ಣಿಗೆ ಒಂಬತ್ತು, ಎಲ್ಲವೂ ಕಂಠಪಾಠ! ಇಂಥ ನಾನು ಕಡಲ ತಡಿಯ ಬೆಟ್ಟವನ್ನು ಹತ್ತಿ ಒಂದು ಪ್ರಾಣಿಯನ್ನು ಕಾಣಲಾರೆನೆ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಊಟದ ಮೇಜಿನಿಂದ. ಅದರ ಮೇಲೆ ಊಟ ನಡೆದು ಯಾವ ಕಾಲವಾಯಿತೋ! ಅಲ್ಲಿ ನನ್ನ ಕರಡುಪ್ರತಿಗಳು ಗೋಪುರವಾಗಿ ಬೆಳೆದಿದ್ದವು. ನನ್ನ ಹೆಂಡತಿ ದರ್ಜಿ. ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸಿ ಕತ್ತರಿಸಿ ಅವಳ ಸೊಂಟ ಹಿಡಿದುಕೊಂಡಿತ್ತು.

“ರೀ, ಆ ಮೇಜು ನನಗೆ ಬಿಟ್ಟುಕೊಡಿ. ಕಾಡು ಕಾಡು ಅಂತ ಬರೀತೀರಲ್ಲ, ಒಂದು ಮೊಲನಾದ್ರೂ ಕಣ್ಣಾರೆ ಕಂಡಿದ್ದೀರಾ?”

“ನಾಳೇನೇ ಬೆಟ್ಟಕ್ಕೆ ಹೋಗೋಣ! ಒಂದೇ ಒಂದು ಪ್ರಾಣಿ ಕಂಡ್ರೂ ಮೇಜು ನಂದು. ಇಲ್ಲದಿದ್ರೆ ನಿಂದು!”

“ಮಾತು ತಪ್ಪಬಾರದು.”

“ಪ್ರಾಣ ಹೋದರೂ ತಪ್ಪೆನು!”

ಬೆಳಗ್ಗೆ ಇಷ್ಟದೇವತೆಗೆ ಕೈಮುಗಿದು ಹೊರಟರೆ, ದೂರ ನೋಡುವ ಕನ್ನಡಕವೇ ಇಲ್ಲ! ಮೇಜಿನ ರಾಶಿಯಲ್ಲಿ ಎಲ್ಲೋ ಮುಳುಗಿತ್ತು. ಹೆಂಡತಿಗೆ ಹೇಳಿದರೆ ಮೇಜು ಅಲ್ಲಿಗೇ ಕೈಬಿಟ್ಟಂತೆ! ಕರಡು ತಿದ್ದುವ ಕನ್ನಡಕವನ್ನೇ ಮೂಗಿಗೇರಿಸಿದೆ. ಅದಕ್ಕೆ ಮೊಳದಾಚೆಗಿನ ಲೋಕವೆಲ್ಲ ಮಂಜು.

ಬೆಟ್ಟದ ಬುಡದಲ್ಲಿ ಕಾವಲುಗಾರನೊಬ್ಬ ದಾರಿ ತೋರಿಸಲು ಜೊತೆಯಾದ. ನೂರು ಹೆಜ್ಜೆ ಹತ್ತಿರಲಿಲ್ಲ, “ಅಮ್ಮಾ, ಬಲಗಡೆ ನೋಡಿ, ಜಿಂಕೆ! ಮರಿನೂ ಇದೆ” ಎಂದು ಪಿಸುಗುಟ್ಟಿದ.

“ಕಂಡೆ, ಕಂಡೆ!” ಎಂದು ನಾನೂ ಸೇರಿದೆ.

“ಹೌದಾ? ಯಾವ ಕಡೆ ಮುಖ ಮಾಡಿದೆ ಹೇಳಿ” ಎಂದಳು ಹೆಂಡತಿ.

“ಕಡಲಿನ ಕಡೆ.”

“ಅದು ಓಡಿಹೋಯ್ತು ರೀ!”

ಮುಂದೆ ಮೀನು ಹಿಡಿದ ಹದ್ದು ಬಂತಂತೆ. ಕೆಳಗೆ ಕಡಲಲ್ಲಿ ಡಾಲ್ಫಿನ್ನುಗಳ ಹಿಂಡು ನೆಗೆಯಿತಂತೆ. ನನ್ನ ಪಾಲಿಗೆ ಎಲ್ಲವೂ ‘ಅಂತೆ’! ಇನ್ನು ಸುಮ್ಮನಿರಬಾರದೆಂದು ನಾನೇ ಕೈಚಾಚಿದೆ.

“ಅದೋ ಮದಗಜ! ಕಾರ್ಮುಗಿಲೇ ನೆಲಕ್ಕಿಳಿದು ನಿಂತಂತಿದೆ!”

“ಸಾರ್, ಅದು ನಮ್ಮ ನೀರಿನ ಟ್ಯಾಂಕು.”

“ಹೋಗಲಿ. ಆ ಬಂಡೆಯ ಮೇಲೆ ಕರಡಿ! ಎಂಥ ಭೀಕರ ರೂಪ! ಎಂಥ ಹೊಟ್ಟೆ!”

ಕರಡಿಯು ಎದ್ದು ನಿಂತು, ಕಪ್ಪು ಕೋಟಿನ ಗುಂಡಿ ಹಾಕಿಕೊಂಡು, “ಯಾರ್ರೀ ಹೊಟ್ಟೆ ಬಗ್ಗೆ ಮಾತಾಡಿದ್ದು?” ಎಂದು ಕೇಳಿತು. ನನ್ನ ಪರವಾಗಿ ಆ ಮನುಷ್ಯನ ಕ್ಷಮೆ ಕೇಳಿ ಕೇಳಿ ಬಾಯಾರಿ, ಹೆಂಡತಿಗೆ ಅರ್ಧ ಬಾಟಲಿ ನೀರು ಖರ್ಚಾಯಿತು!

ತುದಿ ತಲುಪಿ, ಒದ್ದೆ ಹುಲ್ಲಿನ ಮೇಲೆ ಕುಸಿದು, ಕಣ್ಮುಚ್ಚಿ ಬೇಡಿಕೊಂಡೆ: “ಸ್ವಾಮೀ, ಒಂದೇ ಒಂದು ಪ್ರಾಣಿ! ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ!”

ಭಗವಂತನು ಭಕ್ತರ ಮಾತನ್ನು ಅಕ್ಷರಶಃ ನಡೆಸುತ್ತಾನೆ. ಕಾಲಿನಲ್ಲಿ ತುರಿಕೆ! ಬಗ್ಗಿದೆ. ಕಣ್ಣಿಂದ ಗೇಣು ದೂರದಲ್ಲಿ, ಅಚ್ಚಿನ ಮೊಳೆಯಷ್ಟು ಸ್ಪಷ್ಟವಾಗಿ, ಒಂದು ಜಿಗಣೆ!

“ಕಂಡೆ! ಕಣ್ಣಾರೆ ಕಂಡೆ! ಮೇಜು ನಂದು!”

“ಜಿಗಣೆನಾ? ಅದೂ ಒಂದು ಪ್ರಾಣಿನೇನ್ರೀ?”

“ಸೃಷ್ಟಿಕರ್ತನಿಗಿಲ್ಲದ ಹಿರಿದು ಕಿರಿದೆಂಬ ಭೇದ ನಿನಗೇಕೆ? ಅದನ್ನ ಬೇಗ ತೆಗೀರಪ್ಪಾ!”

“ಬಿಡಿ ಸಾರ್,” ಎಂದ ಕಾವಲುಗಾರ, “ಹೊಟ್ಟೆ ತುಂಬಿದ್ರೆ ಉಬ್ಬಿ ತಾನೇ ಉದುರುತ್ತೆ.”

ನಾನು ಕೇಳಲಿಲ್ಲ. ಆತ ಉಗುರಿನಿಂದ ಬಿಡಿಸಿ ಎಲೆಯ ಮೇಲಿಟ್ಟ. ಹೆಂಡತಿ ಕೈಚೀಲದಿಂದ ತನ್ನ ಅಳತೆಯ ಟೇಪು ತೆಗೆದು ಪಕ್ಕದಲ್ಲಿ ಹಿಡಿದಳು.

“ಒಂದೂವರೆ ಇಂಚು. ಒಪ್ಪಿದೆ ರೀ. ಪ್ರಾಣಿ ಎಷ್ಟೋ ಅಷ್ಟು ಮೇಜು ನಿಮ್ಮದು, ಮಿಕ್ಕಿದ್ದು ನಂದು!”

ಅಂದು ಸಂಜೆಯೇ ಮೇಜು ತೆರವಾಯಿತು. ‘ಆನೆಯ ನಡೆ’ ಎಂಬ ಕಟ್ಟಿನ ಕೆಳಗೆ ನನ್ನ ಕನ್ನಡಕ ತಣ್ಣಗೆ ಮಲಗಿತ್ತು. ಈಗ ಮೇಜಿನ ಅಂಚಿನಲ್ಲಿ ಅವಳ ಸೀಮೆಸುಣ್ಣ ಗೆರೆ ಕೊರೆದ ಒಂದೂವರೆ ಇಂಚಿಗೆ ನಾನೇ ಏಕಚ್ಛತ್ರಾಧಿಪತಿ! ಲೇಖನಿ ಹಿಡಿಸುತ್ತದೆ, ಕಾಗದ ಹಿಡಿಸದು. ಇದನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಛೇ! ಕಾವಲುಗಾರನ ಮಾತು ಕೇಳಿ ಆ ಜಿಗಣೆಯನ್ನು ಹೊಟ್ಟೆ ತುಂಬ ಕುಡಿಯಗೊಟ್ಟಿದ್ದರೆ, ಇನ್ನೊಂದು ಇಂಚಾದರೂ ದಕ್ಕುತ್ತಿತ್ತು!