ಮೂರೆಳೆ ವಿಭೂತಿಯೂ ಮಿಣುಕು ದೀಪವೂ

ತಾಳವಾಡಿ ಸುತ್ತಮುತ್ತ ಕೊಡೆಗೂ ಪೂಜೆ ಮಾಡುವವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಕುಕ್ಕರು, ಮೊಬೈಲು, ಕೊನೆಗೆ ಹೊಸ ಹಲ್ಲಿನ ಸೆಟ್ಟು, ಏನೇ ಮನೆಗೆ ಬರಲಿ, ಮೊದಲು ನೀರಲ್ಲಿ ಕಲಸಿದ ವಿಭೂತಿಯ ಮೂರು ಎಳೆ ಬೀಳಲೇಬೇಕು. ಹಲ್ಲಿನ ಸೆಟ್ಟನ್ನು ಆಮೇಲೆ ತೊಳೆದರೋ ಇಲ್ಲವೋ, ನಾನು ಕೇಳಲಿಲ್ಲ.

ಹಿಟ್ಟಿನ ಗಿರಣಿಯನ್ನು ಮಗಳಿಗೆ ವಹಿಸಿದ ಮೇಲೆ ಈ ಮನುಷ್ಯನ ಕೈ ಸುಮ್ಮನಿರಬೇಕಲ್ಲ! ಒಂದು ದಿನ ಎಲೆಕ್ಟ್ರಾನಿಕ್ಸ್ ಕಿಟ್ ತರಿಸಿದರು. ಹೇಳಿದಂತೆ ಕೇಳುವ ಪುಟ್ಟ ಬೋರ್ಡು, ಬಣ್ಣದ ವೈರುಗಳು, ಕಡಲೆ ಗಾತ್ರದ ದೀಪಗಳು, ವೈರು ಸಿಕ್ಕಿಸಲು ನೂರಾರು ತೂತಿನ ಬಿಳಿ ಹಲಗೆ. ತಮಿಳು ವಿಡಿಯೋ ನೋಡಿ ಎಲ್ಲ ಜೋಡಿಸಿದರು. ದೀಪ ಮಾತ್ರ ಹತ್ತಲೊಲ್ಲದು! ಎರಡು ದಿನ ಒದ್ದಾಡಿ, ನನ್ನ ಟೈಲರ್ ಅಂಗಡಿಗೆ ಹೊತ್ತು ತಂದರು.

ನೋಡುತ್ತೇನೆ, ಹಲಗೆಯ ಉದ್ದಕ್ಕೂ ಮೂರೆಳೆ ವಿಭೂತಿ! ಒಣಗಿ, ತೂತುಗಳೆಲ್ಲ ಗಾರೆ ಮೆತ್ತಿದಂತೆ ಮುಚ್ಚಿಹೋಗಿವೆ. ವೈರು ಒಳಗಿನ ತಗಡನ್ನು ಮುಟ್ಟುವುದಾದರೂ ಹೇಗೆ?

"ಶಿವನ್ನೇ ಒಳಕ್ ತುಂಬ್ಬುಟ್ಟಿದ್ದೀರಲ್ಲ ಮಾವ!"

"ಒಸ ಸಾಮಾನ್ಗ ಈಬೂತಿ ಅಚ್ಚದೆ ಇರಕ್ಕಾದ್ದಾ? ಬಾಯ್ ಮುಚ್ಕಂಡು ಸೂಜಿ ತಗಳ್ಲಾ."

ಬಾಗಿಲಿಗೆ ಬೆನ್ನು ಮಾಡಿ ಕೂತು, ಸೂಜಿಯಿಂದ ಒಂದೊಂದೇ ತೂತು ಕೆದಕಿದೆ. ನಡುವೆ ತಲೆ ಎತ್ತಿದರೆ ಮಾವ ಬಾಗಿಲ ಕಡೆ ನೋಡುತ್ತಿದ್ದರು.

"ಯಾರೋ ಮೂರ್ ಸಲ ಕೂಗಿ ಒಂಟೋದ್ರು ಕಣ್ಲಾ."

"ಕೆಲ್ಸದ್ ಮೇಲ ಗ್ಯಾನ ಇತ್ತು ಮಾವ" ಎಂದು ತೇಲಿಸಿದೆ.

ನಿಜ ಹೇಳಲೇ? ಎರಡು ವರ್ಷದಿಂದ ನನ್ನ ಕಿವಿ ಮಂದ. ಹೊಲಿಗೆ ಮಿಶನ್ನಿಗೆ ಕೂತರೆ ಹಿಂದಿನಿಂದ ಕರೆದದ್ದು ಕೇಳಿಸುವುದೇ ಇಲ್ಲ. ಟೈಲರಿಗೆ ಕೊಬ್ಬು ಎಂದುಕೊಂಡು ಜನ ಬೇರೆ ಅಂಗಡಿ ಹಿಡಿಯುತ್ತಿದ್ದರು. ಹೀಗೇ ಆದರೆ ಬಾಗಿಲು ಮುಚ್ಚಬೇಕಾದೀತು ಎಂಬ ಭಯ. ಆದರೂ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಅಂತೂ ದೀಪ ಹತ್ತಿತು. ಮಾವ ಬೀದಿಯವರನ್ನೆಲ್ಲ ಕರೆದು ತೋರಿಸಿದರು. "ನನ್ ಮೂಗ್ಬೊಟ್ಟು ಇದ್ಕಿಂತ ಚಂದಾಗಿ ಮಿಣುಕ್ತದ" ಅಂದರು ಅತ್ತೆ!

ತಿಂಗಳಾದ ಮೇಲೆ ಮಾವ ಅದೇ ಕಿಟ್ಟಿನಿಂದ ಮಾಡಿದ ಎರಡು ಕಣ್ಣಿನ ಯಂತ್ರವೊಂದನ್ನು ನನ್ನ ಅಂಗಡಿ ಬಾಗಿಲಿಗೆ ಮೊಳೆ ಹೊಡೆದು ಕೂರಿಸಿದರು. ಅಲ್ಲಿಂದ ವೈರು ಎಳೆದು, ಒಂದು ದೀಪದ ಡಬ್ಬಿಯನ್ನು ಮಿಶನ್ನಿನ ಮುಂದೆ ನನ್ನ ಮೂಗಿನ ನೇರಕ್ಕೆ ಕಟ್ಟಿದರು. ಬಾಗಿಲಿಗೆ ಯಾರು ಬಂದರೂ ದೀಪ ಮಿನುಗುತ್ತದಂತೆ.

"ಇದ್ಯಾಕ ಮಾವ?"

"ಕಳ್ಳ ಬಂದ್ರ ಗೊತ್ತಾಯ್ತದ ಕಣ್ಲಾ."

ನನ್ನ ಅಂಗಡಿಯಲ್ಲಿ ಕಳ್ಳ ಕದಿಯುವುದೇನನ್ನು, ಕಾಜಾ ತೂತುಗಳನ್ನೇ?

ನಾಯಿಗೆ ಮಿನುಗಿತು, ಮೇಕೆಗೆ ಮಿನುಗಿತು. ರೋಸಿಹೋಗಿ ಕಿತ್ತೆಸೆಯಬೇಕೆಂದುಕೊಳ್ಳುವಷ್ಟರಲ್ಲಿ ಮತ್ತೆ ಮಿನುಗಿತು. ಬೈಯಲೆಂದೇ ತಿರುಗಿದೆ. ಜೀರಹಳ್ಳಿಯ ಹೆಂಗಸೊಬ್ಬರು ರವಿಕೆ ಬಟ್ಟೆ ಹಿಡಿದು ನಿಂತಿದ್ದರು.

"ಇವತ್ತು ಕರ್ಯಕ್ ಮುಂಚೇನೇ ತಿರುಗ್ಬುಟ್ರಲ್ಲಣ್ಣ! ಓದ್ಸಲ ಎಷ್ಟ್ ಕೂಗುದ್ರೂ ನೋಡ್ನೇ ಇಲ್ಲ."

ಟೇಪು ಕೈಯಲ್ಲೇ ಉಳಿಯಿತು. ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ನನ್ನ ಮಾನ ಕಾಯಲು ಮಾವ ಒಬ್ಬ ಕಳ್ಳನನ್ನೇ ಹುಟ್ಟಿಸಿದ್ದರು! ನಾನು ಸೂಜಿ ಹಿಡಿದು ಕೂತ ಆ ದಿನದಿಂದ ಅವರು ನನ್ನ ಎದುರು ಬಂದು ನಿಂತೇ ಮಾತಾಡುತ್ತಿದ್ದುದೂ ಆಗಲೇ ಹೊಳೆದದ್ದು. ನನಗೆ ಅಳು ಬಂತು.

ಮರುದಿನ ಅಂಗಡಿ ತೆರೆದವನೇ ದೀಪದ ಡಬ್ಬಿಗೆ ಮೂರೆಳೆ ವಿಭೂತಿ ಎಳೆದೆ, ನೀರು ಹಾಕದ ಒಣ ವಿಭೂತಿ. ಕೈ ತೆಗೆಯುವಷ್ಟರಲ್ಲಿ ದೀಪ ಮಿನುಗಿತು. ತಿರುಗಿದರೆ, ಬಾಗಿಲಲ್ಲಿ ಮಾವ.

"ಕಳ್ಳ ಸಿಕ್ಬುಟ್ಟ ಮಾವ" ಅಂದೆ.